ಕೇಳುವ ಕೆಲಸಕ್ಕೆ ಎಷ್ಟು ಸಂಬಳ?

ಅಮೆರಿಕದ ಡೆನ್ವರ್ ನಗರದಲ್ಲಿ ‘ಯುಎಕ್ಸ್ ರಿಸರ್ಚರ್ ಬೇಕಾಗಿದ್ದಾರೆ’ ಎಂದು ಸಾಫ್ಟ್‌ವೇರ್ ಕಂಪನಿಯೊಂದು ಜಾಹೀರಾತು ಕೊಟ್ಟರೆ, ಸಂಬಳ ಇಷ್ಟರಿಂದ ಇಷ್ಟರವರೆಗೆ ಎಂದು ಅದರಲ್ಲೇ ಬರೆದಿರಬೇಕು. ಅದೇ ಕಂಪನಿ ಅದೇ ಹುದ್ದೆಗೆ ಬೆಳ್ಳಂದೂರಿನ ಕಚೇರಿಗೆ ಜನ ಹುಡುಕುವಾಗ ಕ್ಯಾಬ್, ಊಟ, ಆರೋಗ್ಯ ವಿಮೆ, ಜಿಮ್ ಎಲ್ಲವನ್ನೂ ಬಣ್ಣಿಸುತ್ತದೆ. ಸಂಬಳದ ಮುಂದೆ ಮಾತ್ರ ‘ನಾಟ್ ಡಿಸ್‌ಕ್ಲೋಸ್ಡ್’.

ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಅನ್ನುವ ಮಾತು ನಮ್ಮಲ್ಲಿ ಹಳೆಯದು. ಈ ಹುದ್ದೆಯ ಮಟ್ಟಿಗೆ ಅದರಲ್ಲೊಂದು ತಮಾಷೆಯೂ ಇದೆ. ಯುಎಕ್ಸ್ ರಿಸರ್ಚರ್‌ಗಳ, ಅಂದರೆ ಆ್ಯಪ್, ವೆಬ್‌ಸೈಟ್ ಬಳಸುವವರ ಅನುಭವ ತಿಳಿದು ಬರುವವರ, ಕೆಲಸವೇ ಕೇಳುವುದು. ಸಂದರ್ಶನಕ್ಕೆ ಜನರನ್ನು ಆರಿಸುವಾಗ ತುಂಬಿಸಿಕೊಳ್ಳುವ ಫಾರಂನಲ್ಲಿ ‘ಮನೆಯ ತಿಂಗಳ ಆದಾಯ ಎಷ್ಟು’ ಎಂಬ ಪ್ರಶ್ನೆ ಮಾಮೂಲು. ಊರವರ ಆದಾಯ ಕೇಳುವ ಇವರಿಗೆ ಪಕ್ಕದ ಕುರ್ಚಿಯವರ ಸಂಬಳ ಗೊತ್ತಿರುವುದಿಲ್ಲ.

ಡೆನ್ವರ್‌ನ ಕಂಪನಿಗಳೇನೂ ಪ್ರೀತಿಯಿಂದ ಸಂಬಳ ಬರೆಯುತ್ತಿಲ್ಲ. ಕೊಲರಾಡೊ ರಾಜ್ಯ 2021ರ ಜನವರಿಯಲ್ಲಿ ಜಾರಿಗೆ ತಂದ ಕಾನೂನು ಹಾಗೆ ಬರೆಸುತ್ತಿದೆ. ಮೊದಮೊದಲು ಕೆಲವು ಕಂಪನಿಗಳು, ಮನೆಯಿಂದಲೇ ಮಾಡುವ ಕೆಲಸಗಳಿಗೆ ಕೊಲರಾಡೊದವರು ಅರ್ಜಿ ಹಾಕುವಂತಿಲ್ಲ ಎಂದು ಬರೆದು ನುಣುಚಿಕೊಳ್ಳಲು ನೋಡಿದವು. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರ, 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು ಅದೇ ದಾರಿ ಹಿಡಿದ ಮೇಲೆ ನುಣುಚಿಕೊಳ್ಳಲು ಜಾಗ ಕಡಿಮೆಯಾಯಿತು. ನ್ಯೂಯಾರ್ಕಿನಲ್ಲಿ ಕಾನೂನು ಬಂದ ಹೊಸದರಲ್ಲಿ ದೊಡ್ಡ ಬ್ಯಾಂಕೊಂದರ ಜಾಹೀರಾತಿನಲ್ಲಿ ಸಂಬಳ ಸೊನ್ನೆಯಿಂದ 20 ಲಕ್ಷ ಡಾಲರ್ ಎಂದಿತ್ತು. ತಾಂತ್ರಿಕ ದೋಷ ಎಂದು ಬ್ಯಾಂಕು ಸರಿಪಡಿಸಿತು, ಜನ ನಕ್ಕರು. ಯುರೋಪಿಯನ್ ಒಕ್ಕೂಟ 2023ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿ, ಅದನ್ನು ಕಾನೂನು ಮಾಡಿಕೊಳ್ಳಲು ಸದಸ್ಯ ದೇಶಗಳಿಗೆ 2026ರ ಜೂನ್ 7ರ ಗಡುವು ಕೊಟ್ಟಿತು. ಭಾರತದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನದ ಕಾನೂನು 1976ರಿಂದಲೂ ಇದೆ. ಜಾಹೀರಾತಿನಲ್ಲಿ ಮೊತ್ತ ಹೇಳಬೇಕೆಂಬ ನಿಯಮ ಇಲ್ಲ.

ಅಷ್ಟಕ್ಕೂ ಈ ಯುಎಕ್ಸ್‌ನವರು ಮಾಡುವುದೇನು?

‘ಯೂಸರ್ ಎಕ್ಸ್‌ಪೀರಿಯನ್ಸ್’, ಚಿಕ್ಕದಾಗಿ ಯುಎಕ್ಸ್, ಎಂಬ ಮಾತನ್ನು ತನ್ನ ಹುದ್ದೆಯ ಹೆಸರಿಗೇ ಸೇರಿಸಿಕೊಂಡವರು ಡಾನ್ ನಾರ್ಮನ್, 1993ರಲ್ಲಿ ಆಪಲ್ ಕಂಪನಿ ಸೇರಿದಾಗ. ಮನಶ್ಶಾಸ್ತ್ರದ ಪ್ರೊಫೆಸರಾಗಿದ್ದವರು ಅವರು. ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ಎಂದು ಜನ ತಡವರಿಸಿದರೆ ತಪ್ಪು ಬಾಗಿಲಿನದೇ ಹೊರತು ಜನರದ್ದಲ್ಲ ಎನ್ನುವುದು ಅವರ ವಾದ. ಆ ವಾದದ ಬೆನ್ನಿಗೆ ಒಂದು ಉದ್ಯೋಗ ಹುಟ್ಟಿತು, ಆಮೇಲೆ ಅದು ಕವಲೊಡೆಯಿತು. ಪರದೆಯ ಮೇಲೆ ಏನು ಎಲ್ಲಿ ಇರಬೇಕೆಂದು ರೂಪಿಸುವವರು ಡಿಸೈನರ್. ಬಳಸುವವರ ಬಳಿಗೆ ಹೋಗಿ ನೋಡಿ, ಕೇಳಿ, ಪರೀಕ್ಷಿಸಿ ಬರುವವರು ರಿಸರ್ಚರ್. ಗುಂಡಿಯ ಮೇಲಿನ ಎರಡು ಪದ ಬರೆಯುವುದಕ್ಕೂ ಒಬ್ಬರಿದ್ದಾರೆ. ಅವರನ್ನು ಒಂದು ಕಡೆ ಯುಎಕ್ಸ್ ರೈಟರ್ ಎನ್ನುತ್ತಾರೆ, ಇನ್ನೊಂದು ಕಡೆ ಕಂಟೆಂಟ್ ಡಿಸೈನರ್.

ಈ ಕೆಲಸದ ಒಳ್ಳೆಯ ಮಾದರಿಯೊಂದು ಬೆಂಗಳೂರಿನಲ್ಲೇ ನಡೆದಿದೆ. ಮೈಕ್ರೋಸಾಫ್ಟ್ ಸಂಸ್ಥೆ 2005ರಲ್ಲಿ ಇಲ್ಲಿ ಸಂಶೋಧನಾ ಪ್ರಯೋಗಾಲಯ ತೆರೆಯಿತು. ಅಲ್ಲಿನ ಇಂದ್ರಾಣಿ ಮೇಧಿ ಮತ್ತು ಜೊತೆಯವರು ನಗರದ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಂಗಸರ ನಡುವೆ ಓಡಾಡಿ, ಓದು ಬರಹ ಬಾರದವರೂ ಬಳಸಬಹುದಾದ, ಅಕ್ಷರಗಳೇ ಇಲ್ಲದ ಕಂಪ್ಯೂಟರ್ ಪರದೆಯೊಂದನ್ನು ರೂಪಿಸಿದರು. ಯಾವ ಬಡಾವಣೆಯಲ್ಲಿ ಕೆಲಸ ಇದೆ, ಪಾತ್ರೆಯೋ ಅಡುಗೆಯೋ, ಎಷ್ಟು ಸಂಬಳ ಎಂದು ತೋರಿಸುವುದು ಅದರ ಉದ್ದೇಶ. ಕೆಲಸಗಳಿಗೆ ಚಿತ್ರ ಬರೆಯುವಾಗ ಒಂದು ವಿಷಯ ಗೊತ್ತಾಯಿತು. ನಲ್ಲಿ, ಪಾತ್ರೆ ಬರೆದಿಟ್ಟರೆ ಹೆಂಗಸರಿಗೆ ಅದು ವಸ್ತುವಾಗಿ ಕಾಣುತ್ತಿತ್ತು, ಕೆಲಸವಾಗಿ ಅಲ್ಲ. ನಲ್ಲಿಯಿಂದ ನೀರು ಸುರಿಯುತ್ತಿರುವಂತೆ ಬರೆದಾಗ ‘ಹಾಂ, ತೊಳೆಯೋದು’ ಎಂಬ ಅರ್ಥ ಹೊರಟಿತು. ಫೋಟೊಗಿಂತ ಸರಳ ಗೆರೆಚಿತ್ರ ಚೆನ್ನಾಗಿ ಮುಟ್ಟಿತು. ಅಕ್ಷರ ಬಾರದಿದ್ದರೂ ಅಂಕಿಗಳನ್ನು ಅವರು ಗುರುತಿಸುತ್ತಿದ್ದರು, ಹಾಗಾಗಿ ಅಂಕಿ ಉಳಿಯಿತು. ದುಬಾರಿ ಯಂತ್ರ ಮುಟ್ಟಿದರೆ ಕೆಡುತ್ತದೇನೋ ಎಂಬ ಅಳುಕು ಬೇರೆ. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಹೇಗೆ ಬಂತು, ತನಗೇನು ಲಾಭ ಎಂದು ಇಡೀ ಕತೆ ಹೇಳುವ ವಿಡಿಯೊ ಮೊದಲಿಗೆ ತೋರಿಸಿದಾಗಲೇ ಅವರು ಧೈರ್ಯವಾಗಿ ಮುಂದುವರಿದದ್ದು. ಮನೆಗೆಲಸದವರಿಗೆಂದು ಮಾಡಿದ ಆ ಪರದೆ ಸಂಬಳವನ್ನು ಮುಚ್ಚಿಡಲಿಲ್ಲ ಎಂಬುದನ್ನು ಇಂದಿನ ಐಟಿ ಜಾಹೀರಾತುಗಳ ಪಕ್ಕದಲ್ಲಿಟ್ಟು ನೋಡಬೇಕು.

ನಲ್ಲಿಯಿಂದ ನೀರು ಸುರಿಸಿದ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ? ಪೇಚು ಇರುವುದೇ ಇಲ್ಲಿ.

ಲೆಕ್ಕಕ್ಕೆ ಸಿಕ್ಕ ಒಂದು ಪ್ರಸಂಗವನ್ನು ಈ ವೃತ್ತಿಯವರು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಂಡು ಬಂದಿದ್ದಾರೆ. ಅಮೆರಿಕದ ಸಲಹೆಗಾರ ಜೇರ್ಡ್ ಸ್ಪೂಲ್ 2009ರಲ್ಲಿ ಬರೆದದ್ದು ಅದು. ದೊಡ್ಡ ಆನ್‌ಲೈನ್ ಅಂಗಡಿಯೊಂದರಲ್ಲಿ, ಸಾಮಾನು ಆರಿಸಿ ದುಡ್ಡು ಕೊಡಲು ಹೊರಟವರ ಮುಂದೆ ‘ಲಾಗಿನ್ ಆಗಿ, ಇಲ್ಲವೇ ನೋಂದಾಯಿಸಿಕೊಳ್ಳಿ’ ಎಂಬ ಫಾರಂ ಬರುತ್ತಿತ್ತು. ಹಳೆ ಗಿರಾಕಿಗಳಿಗೆ ಅನುಕೂಲ ಎಂದು ಕಂಪನಿ ನಂಬಿತ್ತು. ಜನರನ್ನು ಕೂರಿಸಿ ನೋಡಿದರೆ ಹೊಸಬರು ‘ನಾನು ಸಾಮಾನು ಕೊಳ್ಳೋಕೆ ಬಂದವನು, ಸಂಬಂಧ ಬೆಳೆಸೋಕಲ್ಲ’ ಅನ್ನುವ ಧಾಟಿಯಲ್ಲಿ ಸಿಡುಕಿದರು. ಹಳಬರಿಗೆ ಪಾಸ್‌ವರ್ಡ್ ನೆನಪಿರಲಿಲ್ಲ. ನೋಂದಣಿಯ ಗುಂಡಿ ತೆಗೆದು ‘ಮುಂದುವರಿಯಿರಿ’ ಎಂಬ ಗುಂಡಿ ಇಟ್ಟರು. ಮೊದಲ ವರ್ಷ ಹೆಚ್ಚಿದ ವ್ಯಾಪಾರ 30 ಕೋಟಿ ಡಾಲರ್ ಎಂದು ಸ್ಪೂಲ್ ಬರೆದರು. ಅಂಗಡಿ ಯಾವುದೆಂದು ಆ ಬರಹದಲ್ಲಿ ಅವರು ಹೇಳಲಿಲ್ಲ.

ಇಂಥ ಪ್ರಸಂಗ ಅಪರೂಪ. ರಿಸರ್ಚರ್ ತರುವ ಉತ್ತರ ಬಹಳ ಸಲ ‘ಇದನ್ನು ಮಾಡಬೇಡಿ’ ಎಂದಿರುತ್ತದೆ. ಬೋರ್‌ವೆಲ್ ಪಾಯಿಂಟ್ ನೋಡುವವನು ತೋರಿಸಿದ ಕಡೆ ನೀರು ಬಂದರೆ ಶಾಲು ಹೊದಿಸುತ್ತಾರೆ. ಇಲ್ಲಿ ಕೊರೆಸಬೇಡಿ ಎಂದು ಹೇಳಿ ಎರಡು ಲಕ್ಷ ಉಳಿಸಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಡಿಸೈನರ್ ಬಳಿ ತೋರಿಸಲು ಪರದೆಗಳಿವೆ, ಪೋರ್ಟ್‌ಫೋಲಿಯೊ ಇದೆ. ರಿಸರ್ಚರ್ ಬಳಿ ಇರುವುದು ಗುಟ್ಟಿನ ಕರಾರಿಗೆ ಒಳಪಟ್ಟ ವರದಿಗಳು. ಇನ್ನೊಂದು ಕಂಪನಿಯ ಸಂದರ್ಶನದಲ್ಲಿ ತೆರೆದು ತೋರಿಸುವಂತಿಲ್ಲ. ಈ ಉದ್ಯೋಗದಲ್ಲಿ ಸಂಬಳ ಜಾಣ್ಮೆಯ ಹಿಂದೆ ಹೋಗುವುದಕ್ಕಿಂತ ಹೆಚ್ಚಾಗಿ, ಕೆಲಸದ ಫಲ ಯಜಮಾನನ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬುದರ ಹಿಂದೆ ಹೋಗುತ್ತದೆ.

ಸರ್ಕಾರಿ ಲೆಕ್ಕದಲ್ಲೂ ಇದೇ ಕತೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ನೂರಾರು ಉದ್ಯೋಗಗಳ ಸಂಬಳ ಪ್ರಕಟಿಸುತ್ತದೆ. ವೆಬ್ ಮತ್ತು ಡಿಜಿಟಲ್ ಇಂಟರ್‌ಫೇಸ್ ಡಿಸೈನರ್‌ಗಳಿಗೆ ಅಲ್ಲೊಂದು ಸಾಲಿದೆ: 2023ರ ಮೇ ಲೆಕ್ಕದಲ್ಲಿ ನಟ್ಟನಡುವಿನವರ ವಾರ್ಷಿಕ ಸಂಬಳ ಸುಮಾರು 98,500 ಡಾಲರ್. ಅದೇ ವರ್ಷ ಗ್ರಾಫಿಕ್ ಡಿಸೈನರ್‌ಗಳದ್ದು ಸುಮಾರು 59,000. ಇಬ್ಬರೂ ಬಣ್ಣ, ಅಕ್ಷರ, ಗೆರೆಗಳ ಜೊತೆ ಏಗುವವರೇ. ಒಬ್ಬರದ್ದು ಜನ ಒತ್ತುವ ಪರದೆ, ಇನ್ನೊಬ್ಬರದ್ದು ನೋಡಿ ಬಿಡುವ ಪೋಸ್ಟರು. ಅಂತರ ಸುಮಾರು ನಲವತ್ತು ಸಾವಿರ ಡಾಲರಿನದು. ಯುಎಕ್ಸ್ ರಿಸರ್ಚರ್‌ಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಕರೆಸಿಕೊಳ್ಳುವ ಕಂಪನಿಗಳು ಕೊಡಲೊಪ್ಪಿದ ಸಂಬಳವನ್ನು ಮಾತ್ರ ಅಲ್ಲಿನ ಸರ್ಕಾರ ಬಹಿರಂಗಪಡಿಸುತ್ತದೆ. ಹೀಗಾಗಿ ಸಿಯಾಟಲ್‌ನಲ್ಲಿರುವ ಕನ್ನಡಿಗ ಡಿಸೈನರ್‌ಗಳ ಕಂಪನಿ ಆ ಹುದ್ದೆಗೆ ಎಷ್ಟು ಕೊಡುತ್ತದೆಂದು ಶಿವಮೊಗ್ಗದಲ್ಲಿ ಕೂತು ನೋಡಬಹುದು. ಬೆಂಗಳೂರಿನಲ್ಲಿರುವವರದ್ದು ನೋಡಲು ಬರುವುದಿಲ್ಲ.

ಬೆಂಗಳೂರಿನಲ್ಲಿ ಸಂಬಳ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎಂದು ಕೇಳುವುದು ಮೇಲು. ಎಂಟು ಹತ್ತು ಜನರ ಡಿಸೈನ್ ಸ್ಟುಡಿಯೊದಲ್ಲಿ ಹೊಸಬರಿಗೆ ವರ್ಷಕ್ಕೆ ಮೂರರಿಂದ ಆರು ಲಕ್ಷ ಸಿಕ್ಕರೆ ಹೆಚ್ಚು. ಹೆಸರಾಂತ ಸಂಸ್ಥೆಯಿಂದ ಡಿಗ್ರಿ ಪಡೆದು ನೇರವಾಗಿ ವಿದೇಶಿ ಪ್ರಾಡಕ್ಟ್ ಕಂಪನಿಗೆ ಹೋದವರಿಗೆ ಅದರ ಮೂರು ನಾಲ್ಕು ಪಟ್ಟು. ಇಬ್ಬರ ಕೈಯಲ್ಲೂ ಫಿಗ್ಮಾ ಎಂಬ ಅದೇ ಸಾಫ್ಟ್‌ವೇರ್. ನಡುವೆ ದೊಡ್ಡ ಸೇವಾ ಕಂಪನಿಗಳಿವೆ. ವಿಪ್ರೊ 2015ರಲ್ಲಿ ಡೆನ್ಮಾರ್ಕಿನ ಡಿಸೈನಿಟ್ ಸಂಸ್ಥೆಯನ್ನು ಕೊಂಡಿತು. ಇನ್ಫೋಸಿಸ್ 2017ರಲ್ಲಿ ಲಂಡನ್ನಿನ ಬ್ರಿಲಿಯಂಟ್ ಬೇಸಿಕ್ಸ್, ಮರುವರ್ಷ ಅಮೆರಿಕದ ವಾಂಗ್‌ಡೂಡಿಯನ್ನು ಕೊಂಡಿತು. ಅಲ್ಲಿ ಡಿಸೈನರ್ ಎಂದರೆ ಗ್ರಾಹಕ ಕಂಪನಿಗೆ ಗಂಟೆಯ ಲೆಕ್ಕದಲ್ಲಿ ಬಿಲ್ ಹಾಕಬಹುದಾದ ತಲೆ. ಬಿಲ್ಲಿನ ದರವೇ ಸಂಬಳಕ್ಕೆ ಮೇಲ್ಮಿತಿ. ಇನ್ನು ವಿದೇಶಿ ಬ್ಯಾಂಕು, ಕಾರು, ಔಷಧ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಕಚೇರಿಗಳು, ಅಂದರೆ ಈಗ ಎಲ್ಲರ ಬಾಯಲ್ಲಿರುವ ಜಿಸಿಸಿಗಳು. ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚು ಎಂದು ನ್ಯಾಸ್ಕಾಂ 2024ರಲ್ಲಿ ಎಣಿಸಿತ್ತು, ಬೆಂಗಳೂರಿನ ಪಾಲೇ ದೊಡ್ಡದು. ಇಲ್ಲಿ ಸಂಬಳ ಚೆನ್ನಾಗಿದೆ. ತಕರಾರು ಬೇರೆ: ಬಳಸುವವರು ಓಹಿಯೊದಲ್ಲಿ, ರಿಸರ್ಚರ್ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಸಂದರ್ಶನ ರಾತ್ರಿ ಒಂಬತ್ತೂವರೆಗೆ.

ಆಫರ್ ಲೆಟರ್ ಕೈಗೆ ಬಂದ ಮೇಲೂ ಸಂಬಳ ಗೊತ್ತಾಯಿತೆಂದು ತಿಳಿಯುವಂತಿಲ್ಲ. ‘ಹನ್ನೆರಡು ಲಕ್ಷದ ಪ್ಯಾಕೇಜು’ ಎಂದು ಮನೆಯಲ್ಲಿ ಸಿಹಿ ಹಂಚಿದ ಹುಡುಗಿಯ ಪತ್ರವನ್ನು ಬಿಡಿಸಿ ನೋಡೋಣ. ಹನ್ನೆರಡು ಲಕ್ಷ ಎಂಬುದು ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಮೂಲ ವೇತನ ಅದರ ಅರ್ಧ, ಆರು ಲಕ್ಷ ಎಂದಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಮೂಲ ವೇತನದ ಶೇ 12, ಅಂದರೆ 72,000. ಗ್ರಾಚ್ಯುಟಿ ಶೇ 4.81ರಂತೆ 28,860, ಕಾಯಂ ನೌಕರರಿಗೆ ಇದು ಕೈಸೇರಬೇಕಾದರೆ ಐದು ವರ್ಷ ಅಲ್ಲೇ ಇರಬೇಕು, ಈ ಊರಲ್ಲಿ ಐದು ವರ್ಷ ಒಂದೇ ಕಡೆ ಇರುವವರನ್ನು ಅನುಮಾನದಿಂದ ನೋಡುತ್ತಾರೆ. ‘ವೇರಿಯಬಲ್’ ಎಂಬ ಹೆಸರಿನ ಶೇ 10, ಅಂದರೆ 1,20,000, ಕಂಪನಿಯ ಮತ್ತು ಮ್ಯಾನೇಜರರ ಮರ್ಜಿಗೆ ಬಿಟ್ಟದ್ದು. ವಿಮೆಯ ಕಂತು ಹತ್ತು ಸಾವಿರ. ಉಳಿದ 9,69,140ನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 80,762. ಅದರಲ್ಲಿ ಅವಳ ಪಾಲಿನ ಪಿಎಫ್ 6,000, ಕರ್ನಾಟಕದ ವೃತ್ತಿ ತೆರಿಗೆ 200 ಕಳೆದು ಖಾತೆಗೆ ಬೀಳುವುದು 74,500ರ ಆಸುಪಾಸು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟಕ್ಕೆ ಆದಾಯ ತೆರಿಗೆ ಇಲ್ಲ ಎಂಬುದೊಂದು ಸಮಾಧಾನ. ಮನೆಯವರು ಲೆಕ್ಕ ಹಾಕಿದ್ದು ತಿಂಗಳಿಗೆ ಒಂದು ಲಕ್ಷ.

ಸ್ಟಾರ್ಟಪ್ ಆದರೆ ಇದಕ್ಕೆ ಇಸಾಪ್, ಅಂದರೆ ನೌಕರರಿಗೆ ಕೊಡುವ ಷೇರಿನ ಹಕ್ಕು, ಸೇರುತ್ತದೆ. ಒಂದು ವರ್ಷ ಕಳೆಯುವ ತನಕ ಏನೂ ಇಲ್ಲ, ಆಮೇಲೆ ಒಟ್ಟು ನಾಲ್ಕು ವರ್ಷ ತುಂಬುವಷ್ಟರಲ್ಲಿ ಕಂತು ಕಂತಾಗಿ ಅದು ಕೈಗೆ ಬರುವುದು ವಾಡಿಕೆ. ಇದರ ಮೂರೂ ಮುಖಗಳನ್ನು ಬೆಂಗಳೂರು ಕಂಡಿದೆ. ಫೋನ್‌ಪೇ ಬೇರೆಯಾದ ಬಳಿಕ 2023ರಲ್ಲಿ ಫ್ಲಿಪ್‌ಕಾರ್ಟ್ ತನ್ನ ನೌಕರರಿಗೆ ಸುಮಾರು 70 ಕೋಟಿ ಡಾಲರ್ ನಗದು ಹಂಚಿತು. 2024ರ ನವೆಂಬರ್‌ನಲ್ಲಿ ಸ್ವಿಗ್ಗಿ ಷೇರುಪೇಟೆಗೆ ಬಂದಾಗ ನೂರಾರು ನೌಕರರು ಕೋಟ್ಯಧಿಪತಿಗಳಾದರೆಂದು ಪತ್ರಿಕೆಗಳು ಬರೆದವು. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿದ್ದ ಬೈಜೂಸ್ ಎರಡೇ ವರ್ಷದಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅಲ್ಲಿನ ಷೇರು ಹಕ್ಕು ನಂಬಿ ಕಡಿಮೆ ಸಂಬಳಕ್ಕೆ ಒಪ್ಪಿದ್ದವರ ಕೈಯಲ್ಲಿ ಉಳಿದದ್ದು ಕಾಗದ.

ಸಂಬಳ ಏರುವುದು ಹೇಗೆ ಎನ್ನುವುದಕ್ಕೆ ಇಲ್ಲಿನ ಎಚ್‌ಆರ್‌ಗಳ ಮೊದಲ ಪ್ರಶ್ನೆಯಲ್ಲೇ ಉತ್ತರ ಇದೆ: ‘ಕರೆಂಟ್ ಸಿಟಿಸಿ ಎಷ್ಟು?’ ಜೊತೆಗೆ ಮೂರು ತಿಂಗಳ ಪೇ ಸ್ಲಿಪ್. ಹೊಸ ಕೆಲಸದ ಬೆಲೆ ಹಳೆ ಸಂಬಳಕ್ಕೆ ಇಪ್ಪತ್ತೋ ಮೂವತ್ತೋ ಪರ್ಸೆಂಟ್ ಸೇರಿಸಿ ಹೊರಡುತ್ತದೆ. ಸಣ್ಣ ಸ್ಟುಡಿಯೊದಲ್ಲಿ ನಾಲ್ಕು ಲಕ್ಷಕ್ಕೆ ಶುರುಮಾಡಿದವರು ಎಷ್ಟೇ ಬೆಳೆದರೂ ಆ ನಾಲ್ಕು ಲಕ್ಷ ಅವರ ಬೆನ್ನು ಬಿಡುವುದಿಲ್ಲ. ಹೆರಿಗೆಗೆಂದು ಎರಡು ವರ್ಷ ಬಿಟ್ಟು ಬಂದವರಿಗಂತೂ ತೋರಿಸಲು ‘ಕರೆಂಟ್’ ಎಂಬುದೇ ಇರುವುದಿಲ್ಲ. ಈ ಪ್ರಶ್ನೆಯನ್ನು ನ್ಯೂಯಾರ್ಕ್ ನಗರ 2017ರಲ್ಲಿ, ಕ್ಯಾಲಿಫೋರ್ನಿಯಾ 2018ರಲ್ಲಿ ನಿಷೇಧಿಸಿದವು. ಹೆಂಗಸರ ಸಂಬಳ ಒಮ್ಮೆ ಹಿಂದೆ ಬಿದ್ದರೆ ಹಿಂದೆಯೇ ಉಳಿಯುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು.

ಈ ಎಲ್ಲ ಲೆಕ್ಕ ತಲೆಕೆಳಗಾದದ್ದು 2022ರ ಕೊನೆಯಲ್ಲಿ. ಕೋವಿಡ್ ಕಾಲದಲ್ಲಿ ಕೈಬಿಚ್ಚಿ ನೇಮಿಸಿಕೊಂಡಿದ್ದ ಕಂಪನಿಗಳು ಒಂದರ ಹಿಂದೆ ಒಂದು ಕತ್ತರಿ ಹಿಡಿದವು. ಮೆಟಾ ನವೆಂಬರ್‌ನಲ್ಲಿ 11,000 ಜನರನ್ನು, ಮುಂದಿನ ಮಾರ್ಚ್‌ನಲ್ಲಿ ಇನ್ನೂ 10,000 ಹುದ್ದೆಗಳನ್ನು ಕೈಬಿಡುವುದಾಗಿ ಹೇಳಿತು. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000. ರಿಸರ್ಚರ್‌ಗಳಿಗೆ ಪೆಟ್ಟು ಜೋರಾಗಿಯೇ ಬಿತ್ತು. ಏರ್‌ಬಿಎನ್‌ಬಿಯಲ್ಲಿ ಸಂಶೋಧನಾ ವಿಭಾಗ ನಡೆಸಿದ್ದ ಜಡ್ ಆಂಟಿನ್ ಆ ವರ್ಷ ಬರೆದ ಲೇಖನ ಈ ವೃತ್ತಿಯಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ದೊಡ್ಡ ವ್ಯಾಪಾರ ನಿರ್ಧಾರಕ್ಕೂ ಒದಗದ, ಸಣ್ಣ ರಿಪೇರಿಗೂ ಒದಗದ ನಡುಮಟ್ಟದ ಅಧ್ಯಯನಗಳಲ್ಲಿ ರಿಸರ್ಚರ್‌ಗಳು ಕಾಲ ಕಳೆದರು, ಕಂಪನಿಗಳೂ ಅವರನ್ನು ಹಾಗೇ ಬಳಸಿಕೊಂಡವು ಎಂಬುದು ಅವರ ದೂರು. ಮಾತು ಕಹಿ, ಆದರೆ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಐದು ಜನರಿಂದ ಪರೀಕ್ಷಿಸಿದರೆ ಪರದೆಯ ಬಹುಪಾಲು ಎಡವಟ್ಟು ಹೊರಬೀಳುತ್ತದೆ ಎಂದು ಈ ಕ್ಷೇತ್ರದ ಹಿರಿಯ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಅಗ್ಗವಾಗಿ, ಬೇಗ ಮಾಡಿ ಎಂಬ ಆ ಬುದ್ಧಿವಾದವನ್ನು ಕಂಪನಿಗಳು ‘ಹಾಗಾದರೆ ಇದಕ್ಕೊಬ್ಬರು ಬೇರೆ ಯಾಕೆ’ ಎಂಬಲ್ಲಿಗೆ ಎಳೆದುಕೊಂಡವು. ಈಗ ಸಂದರ್ಶನದ ಧ್ವನಿಯನ್ನು ಬರಹಕ್ಕಿಳಿಸಿ ಸಾರಾಂಶ ಕೊಡುವ ಎಐ ಉಪಕರಣಗಳೂ ಬಂದಿವೆ.

ಬೇಡಿಕೆ ಹೀಗೆ ಕುಗ್ಗಿದಾಗಲೇ ಕಲಿತು ಬರುವವರ ಸಾಲು ಉದ್ದವಾಯಿತು. ಒಂದು ಕಾಲಕ್ಕೆ 1961ರಲ್ಲಿ ಶುರುವಾದ ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ, 1969ರ ಐಐಟಿ ಬಾಂಬೆಯ ಐಡಿಸಿ, ಹೀಗೆ ಬೆರಳೆಣಿಕೆಯ ಕಡೆ ಕಲಿಯಬಹುದಾಗಿದ್ದ ವಿದ್ಯೆ ಇದು. ಬೆಂಗಳೂರಿಗೆ 1996ರಲ್ಲಿ ಸೃಷ್ಟಿ ಡಿಸೈನ್ ಶಾಲೆ ಬಂತು, ಆಮೇಲೆ ಎನ್‌ಐಡಿಯ ಕ್ಯಾಂಪಸ್ಸೂ ಬಂತು. 2021ರಲ್ಲಿ ಗೂಗಲ್ ಆನ್‌ಲೈನ್ ಯುಎಕ್ಸ್ ಸರ್ಟಿಫಿಕೇಟ್ ಕೋರ್ಸ್ ತೆರೆದ ಮೇಲೆ ಯಾರು ಬೇಕಾದರೂ ಕೆಲವು ತಿಂಗಳಲ್ಲಿ ‘ಯುಐ ಯುಎಕ್ಸ್ ಡಿಸೈನರ್’ ಆಗಬಹುದು ಎಂಬ ವಾತಾವರಣ ಹುಟ್ಟಿತು. ಸಣ್ಣ ಕಂಪನಿಗಳಿಗೆ ಇದು ಅನುಕೂಲವೇ. ಚಿತ್ರ, ಬರಹ, ಸಂಶೋಧನೆ, ಒಂದಷ್ಟು ಕೋಡಿಂಗ್ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಿ ಒಂದೇ ಸಂಬಳ ಕೊಟ್ಟರಾಯಿತು.

ಕರ್ನಾಟಕದ ಮಟ್ಟಿಗೆ ಇದರಲ್ಲಿ ತೀರಾ ಕಡಿಮೆ ಬೆಲೆ ಬಿದ್ದಿರುವುದು ಭಾಷೆಗೆ. ಬೆಂಗಳೂರಿನ ಆ್ಯಪ್ ಕಂಪನಿಗಳು ಹುಬ್ಬಳ್ಳಿ, ಕಲಬುರಗಿ, ಚಾಮರಾಜನಗರದ ಕಡೆ ಗಿರಾಕಿಗಳನ್ನು ಹುಡುಕುತ್ತಿವೆ. ಅವುಗಳ ರಿಸರ್ಚರ್‌ಗಳಲ್ಲಿ ಎಷ್ಟೋ ಜನರಿಗೆ ಕನ್ನಡ ಬಾರದು. ಆಗ ಮಾರ್ಕೆಟ್ ರಿಸರ್ಚ್ ಏಜೆನ್ಸಿಗಳ ಮೂಲಕ ಸ್ಥಳೀಯ ಮಾಡರೇಟರ್, ಅಂದರೆ ಕನ್ನಡದಲ್ಲಿ ಸಂದರ್ಶನ ನಡೆಸಿಕೊಡುವವರು, ಬರುತ್ತಾರೆ. ಅವರ ಕೆಲಸಕ್ಕೊಂದು ಉದಾಹರಣೆ ನೋಡಿ. ಯುಪಿಐನಲ್ಲಿ ‘ಹಣ ಕೇಳುವ’ ಕೋರಿಕೆಯ ಮೋಸ ನೆನಪಿರಬಹುದು: ದುಡ್ಡು ಬರುತ್ತದೆಂದು ನಂಬಿ ಪಿನ್ ಒತ್ತಿದವರ ಖಾತೆಯಿಂದಲೇ ದುಡ್ಡು ಹೋಗುತ್ತಿತ್ತು. ವ್ಯಕ್ತಿಗಳ ನಡುವಿನ ಅಂಥ ಕೋರಿಕೆಗಳನ್ನು 2025ರ ಅಕ್ಟೋಬರ್‌ನಿಂದ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿತು. ‘ರೊಕ್ಕ ಬರ್ತೈತಿ ಅಂದ್ರು, ಪಿನ್ ಹಾಕಿದ್ನಿ’ ಎಂದು ಒಬ್ಬರು ಹೇಳಿದಾಗ ಅವರು ಎಲ್ಲಿ ತಡೆದರು, ಯಾವ ಪದವನ್ನು ಹೇಗೆ ಅರ್ಥ ಮಾಡಿಕೊಂಡರು, ನಾಚಿಕೆಯಿಂದ ಏನನ್ನು ಬಿಟ್ಟರು ಎಂದು ಹಿಡಿಯಬಲ್ಲವರು ಆ ಮಾಡರೇಟರ್. ಇಂಗ್ಲಿಷಿನ ವರದಿಗೆ ಇಳಿಯುವಾಗ ಅದು ‘ಬಳಕೆದಾರರಿಗೆ ಗೊಂದಲವಿದೆ’ ಎಂಬ ಒಂದು ಸಾಲಾಗುತ್ತದೆ.

ಮಾಡರೇಟರ್‌ಗಳಿಗೆ ಸಿಗುವುದು ದಿನದ ಲೆಕ್ಕದ ಅಥವಾ ಸಂದರ್ಶನದ ಲೆಕ್ಕದ ಫೀ. ಪಿಎಫ್ ಇಲ್ಲ, ವಿಮೆ ಇಲ್ಲ, ಇಸಾಪ್ ಮಾತೇ ಇಲ್ಲ. ಪ್ರಶ್ನೆಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿದ್ದು, ಸಂಜೆ ಕೂತು ರೆಕಾರ್ಡಿಂಗ್ ಕೇಳಿ ಬರೆದದ್ದು ಬಹಳ ಸಲ ಅದೇ ದಿನದ ಫೀಯಲ್ಲೇ ಅಡಕ. ಇದನ್ನು ಬಲ್ಲ ಅನುಭವಿಗಳು ಒಪ್ಪಿಕೊಳ್ಳುವ ಮೊದಲೇ ಸಂದರ್ಶನಕ್ಕೊಂದು, ಅನುವಾದಕ್ಕೊಂದು, ಬರಹಕ್ಕಿಳಿಸಲೊಂದು ದರ ಎಂದು ಬಿಡಿಬಿಡಿಯಾಗಿ ಮೇಲ್‌ನಲ್ಲಿ ಬರೆಸಿಕೊಳ್ಳುತ್ತಾರೆ. ಟಿಡಿಎಸ್ ಎಂದು ಶೇ 10 ಹಿಡಿದುಕೊಂಡ ಮೊತ್ತ ತಮ್ಮ ಪ್ಯಾನ್ ಲೆಕ್ಕದಲ್ಲಿ ಬಿದ್ದಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳುತ್ತಾರೆ. ರಾಯಚೂರಿನ ಬಿಸಿಲಲ್ಲಿ ಮೂರು ದಿನ ಓಡಾಡಿದ ಕೆಲಸದ ಇನ್‌ವಾಯ್ಸ್ ಏಜೆನ್ಸಿಯಿಂದ ಕಂಪನಿಗೆ ಹೋಗಿ, ಪಾಸಾಗಿ, ಹಣ ಖಾತೆಗೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿರುವುದು ಹೊಸದೇನಲ್ಲ. ಅಷ್ಟರೊಳಗೆ ಆ ಆ್ಯಪ್‌ನ ಹೊಸ ಆವೃತ್ತಿ ಬಂದಿರುತ್ತದೆ.